ಗ್ಯಾರೇಜಿಗೆ ಹೋದ ಕೂಡಲೇ ಆರಿ ಹೋಗುವ ಲೈಟು

(ವಿಜಯಪುರದಲ್ಲಿ ಟ್ಯಾಕ್ಸಿ ಚಾಲಕರು ಮತ್ತು ಕಾರು ಮಾಲೀಕರ ಮುಂದೆ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಆಡಿದ ಮಾತುಗಳ ಬರಹ ರೂಪ)

ಇಲ್ಲಿ ಕುಳಿತವರಲ್ಲಿ ಬಹಳ ಜನ ದಿನಾ ಗಾಡಿ ಓಡಿಸುವವರು. ಹಾಗಾಗಿ ಪೀಠಿಕೆ ಬೇಡ, ನೇರ ವಿಷಯಕ್ಕೆ ಬರುತ್ತೇನೆ. ಕಾರು ಚೆನ್ನಾಗಿಯೇ ಓಡುತ್ತಿರುತ್ತದೆ. ಎಂಜಿನ್ ಸದ್ದು ಸರಿ ಇದೆ, ಪಿಕಪ್ ಇದೆ, ಬ್ರೇಕ್ ಹಿಡಿಯುತ್ತದೆ. ಆದರೂ ಮೀಟರ್‌ನಲ್ಲಿ ಹಳದಿ ಲೈಟೊಂದು ಬರುತ್ತದೆ. ಸ್ವಲ್ಪ ಹೊತ್ತು ಇದ್ದು ತಾನೇ ಹೋಗುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಲೈಟೇ ಇಲ್ಲ. "ಏನೂ ಇಲ್ಲ ಬಿಡ್ರಿ, ಆರಾಮ ಹೊಡೀರಿ" ಅಂತ ಕಳಿಸುತ್ತಾರೆ. ಕೊಲ್ಹಾರ ಸೇತುವೆ ದಾಟುವಷ್ಟರಲ್ಲಿ ಮತ್ತೆ ಬರುತ್ತದೆ. ಇದು ನಿಮಗೆಲ್ಲ ಗೊತ್ತಿರುವ ಕಥೆ, ಅಲ್ವಾ?

ಇದಕ್ಕೆ ಜನ ಎರಡು ದಾರಿ ಹಿಡಿಯುತ್ತಾರೆ. ಒಂದು, "ಸುಳ್ಳು ಲೈಟ್" ಅಂತ ತಲೆ ಕೆಡಿಸಿಕೊಳ್ಳದೆ ಬಿಟ್ಟುಬಿಡುವುದು. ಇನ್ನೊಂದು, ಯಾರೋ ಹೇಳಿದರು ಅಂತ ಸೆನ್ಸರ್ ಮೇಲೆ ಸೆನ್ಸರ್ ಬದಲಿಸಿ ಸಾವಿರಾರು ರೂಪಾಯಿ ಕಳೆದುಕೊಳ್ಳುವುದು. ಎರಡೂ ತಪ್ಪು. ಬಂದು ಹೋಗುವ ಲೈಟಿನಲ್ಲಿ ಎಂಜಿನ್ನೂ ಚೆನ್ನಾಗಿರಬಹುದು, ಬ್ರೇಕೂ ಚೆನ್ನಾಗಿರಬಹುದು. ಆದರೆ ಅವುಗಳ ಸುದ್ದಿಯನ್ನು ಗಾಡಿಯೊಳಗಿನ ಕಂಪ್ಯೂಟರಿಗೆ ಒಯ್ಯುವ ವೈರು, ವೈರುಗಳನ್ನು ಕೂಡಿಸುವ ಕಪ್ಲರು, ಅರ್ಥಿಂಗು, ಇವುಗಳಲ್ಲಿ ಎಲ್ಲೋ ಒಂದು ಕಡೆ ಕ್ಷಣಮಾತ್ರ ಸಂಪರ್ಕ ತಪ್ಪಿರುತ್ತದೆ. ಕ್ಷಣ ತಪ್ಪಿದ್ದನ್ನು ಹಿಡಿಯಬೇಕಾದರೆ ಆ ಕ್ಷಣದಲ್ಲಿ ಗಾಡಿಯಲ್ಲಿ ಇದ್ದವರು ನೀವು, ಗ್ಯಾರೇಜಿನವರಲ್ಲ. ಇವತ್ತು ನಾನು ಹೇಳುವುದೆಲ್ಲ ಅದರ ಸುತ್ತಲೇ.

ಅದಕ್ಕೂ ಮೊದಲು ಒಂದು ಮಾತು. ಕೆಲವು ಲೈಟುಗಳನ್ನು "ಸುಳ್ಳು" ಅಂತ ಊಹಿಸುವ ಹಕ್ಕು ನಮಗಿಲ್ಲ. ಕೆಂಪು ಬಣ್ಣದಲ್ಲಿ ಬರುವವು. ಎಣ್ಣೆ ಕ್ಯಾನಿನ ಚಿತ್ರ, ಅಂದರೆ ಆಯಿಲ್ ಪ್ರೆಶರ್. ಥರ್ಮಾಮೀಟರ್ ಚಿತ್ರ, ಅಂದರೆ ಎಂಜಿನ್ ಬಿಸಿ. ಆಮೇಲೆ ಕೆಂಪು ಬ್ರೇಕ್ ಲೈಟು. ಇವು ಅರೆಕ್ಷಣ ಬಂದು ಹೋದರೂ ಗಾಡಿಯನ್ನು ಪಕ್ಕಕ್ಕೆ ಹಾಕಿ. ಆಯಿಲ್ ಲೈಟ್ ಬಂದರೆ ಎಂಜಿನ್ ಆಫ್ ಮಾಡಿ, ಐದು ನಿಮಿಷ ಬಿಟ್ಟು, ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ತೆಗೆದು ನೋಡಿ. ಆಯಿಲ್ ಸರಿ ಇದ್ದರೂ ಲೈಟು ಬರುತ್ತಿದ್ದರೆ ಪ್ರೆಶರ್ ಸ್ವಿಚ್ ಹಾಳಾಗಿರಬಹುದು, ಹೌದು. ಅದು ಅಗ್ಗದ ಸ್ವಿಚ್, ಸೋರಿದ ಆಯಿಲ್ ಅದರ ಕಪ್ಲರೊಳಗೆ ಹೋಗಿ ತಪ್ಪು ಸುದ್ದಿ ಕೊಡುವುದು ಉಂಟು. ಆದರೆ ಅದನ್ನು ಗೇಜ್ ಹಾಕಿ ಅಳೆದು ಹೇಳಬೇಕೇ ಹೊರತು ಊಹೆಯಿಂದಲ್ಲ. ಊಹೆ ತಪ್ಪಿದರೆ ಎಂಜಿನ್ ಹೋಯಿತು.

ಕೆಂಪು ಬ್ರೇಕ್ ಲೈಟಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಜನ ಅತಿ ಹೆಚ್ಚು ಮೋಸ ಹೋಗುವುದು ಇಲ್ಲೇ. ತಿರುವಿನಲ್ಲಿ ಬರುತ್ತದೆ, ಜೋರಾಗಿ ಬ್ರೇಕ್ ಹಾಕಿದಾಗ ಬರುತ್ತದೆ, ನೇರ ರಸ್ತೆಗೆ ಬಂದರೆ ಹೋಗುತ್ತದೆ. "ಹ್ಯಾಂಡ್‌ಬ್ರೇಕ್ ಸ್ವಿಚ್ ಲೂಸ್ ಆಗೇತ್ರಿ" ಅಂತ ಯಾರಾದರೂ ಹೇಳುತ್ತಾರೆ. ಇರಬಹುದು. ಆದರೆ ಮೊದಲು ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಅದರಲ್ಲಿ ಮಟ್ಟ ನೋಡುವ ಫ್ಲೋಟ್ ಇದೆ. ಆಯಿಲ್ ಮಿನಿಮಮ್ ಗೆರೆಯ ಹತ್ತಿರ ಇಳಿದಿದ್ದರೆ ತಿರುವಿನಲ್ಲಿ ಆಯಿಲ್ ಒಂದು ಕಡೆ ವಾಲಿ ಫ್ಲೋಟ್ ಕೆಳಗಿಳಿಯುತ್ತದೆ, ಲೈಟು ಬರುತ್ತದೆ. ಆಯಿಲ್ ಇಳಿದದ್ದು ಯಾಕೆ? ಸೋರುತ್ತಿರಬಹುದು. ಇಲ್ಲವೇ ಬ್ರೇಕ್ ಪ್ಯಾಡ್ ಸವೆದಿರಬಹುದು. ಪ್ಯಾಡ್ ಸವೆದಷ್ಟೂ ಅದನ್ನು ಒತ್ತುವ ಕ್ಯಾಲಿಪರ್ ಪಿಸ್ಟನ್ ಮುಂದೆ ಬಂದು ಆ ಜಾಗಕ್ಕೆ ಡಬ್ಬಿಯ ಆಯಿಲ್ ಹೋಗುತ್ತದೆ. ಸುಮ್ನೆ ಮೇಲಿಂದ ಆಯಿಲ್ ತುಂಬಿ ಲೈಟು ಆರಿಸಿದರೆ ಪ್ಯಾಡ್ ಸವೆದ ಸುದ್ದಿಯನ್ನೇ ಮುಚ್ಚಿ ಹಾಕಿದ ಹಾಗೆ. ಪ್ಯಾಡ್ ನೋಡಿ, ಆಮೇಲೆ ಆಯಿಲ್ ಹಾಕಿ.

ಚೆಕ್ ಎಂಜಿನ್ ಲೈಟು ಹಳದಿಯೇ. ಆದರೆ ಅದು ಮಿಟುಕುತ್ತಿದ್ದರೆ ಬೇರೆ ವಿಷಯ. ಪೆಟ್ರೋಲ್ ಗಾಡಿಯಲ್ಲಿ ಮಿಟುಕಿದರೆ ಎಂಜಿನ್ ಮಿಸ್‌ಫೈರ್ ಆಗುತ್ತಿದೆ, ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಅಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಂಪಗೆ ಕಾಯುತ್ತಿದೆ ಅಂತ ತಿಳಿಯಿರಿ. ವೇಗ ಇಳಿಸಿ, ಹತ್ತಿರದ ಗ್ಯಾರೇಜಿಗೆ ಹೋಗಿ. ಒಣ ಹುಲ್ಲಿನ ಮೇಲಂತೂ ನಿಲ್ಲಿಸಬೇಡಿ.

ಈಗ ಹಳದಿ ಲೈಟು ಬಂದು ಹೋಗುವುದು ಯಾಕೆ ಅಂತ ನೋಡೋಣ. ನಮ್ಮ ದೇಶದಲ್ಲಿ ಬಿಎಸ್-4 ಹೊಗೆ ನಿಯಮದ ಕಾರುಗಳ ಕಾಲಕ್ಕೆ ಒಬಿಡಿ, ಅಂದರೆ ದೋಷವನ್ನು ಗಾಡಿಯೇ ಕಂಡು ಬರೆದಿಡುವ ವ್ಯವಸ್ಥೆ, ಬಂತು. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದ ಮೇಲೆ ಸೆನ್ಸರುಗಳು ಇನ್ನೂ ಜಾಸ್ತಿ ಆದವು. ಎಂಜಿನ್ ಕಂಪ್ಯೂಟರ್ ಒಂದು ಸಲ ತಪ್ಪು ಕಂಡ ಕೂಡಲೇ ಲೈಟು ಹಾಕುವುದಿಲ್ಲ. ಬಹಳಷ್ಟು ದೋಷಗಳಿಗೆ ಎರಡು ಟ್ರಿಪ್ ಲೆಕ್ಕ. ಟ್ರಿಪ್ ಅಂದರೆ ಬಾಡಿಗೆ ಅಲ್ಲ, ಒಮ್ಮೆ ಸ್ಟಾರ್ಟ್ ಮಾಡಿ ಓಡಿಸಿ ಆಫ್ ಮಾಡುವುದು. ಮೊದಲ ಸಲ ಕಂಡಾಗ "ಪೆಂಡಿಂಗ್" ಅಂತ ಸುಮ್ನೆ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಟ್ರಿಪ್‌ನಲ್ಲೂ ಅದೇ ಕಂಡರೆ ಆಗ ಲೈಟು. ಆಮೇಲೆ ಸತತ ಮೂರು ಟ್ರಿಪ್ ಎಲ್ಲಾ ಸರಿ ಕಂಡರೆ ತಾನೇ ಲೈಟು ಆರಿಸುತ್ತದೆ. ಆದರೆ ಕೋಡ್, ಅಂದರೆ ಬರೆದಿಟ್ಟ ದೋಷದ ನಂಬರ್, ಅಳಿಸುವುದಿಲ್ಲ. ಎಂಜಿನ್ ತಣ್ಣಗಿದ್ದದ್ದು ಬಿಸಿಯಾಗುವುದನ್ನು ಒಂದು ಅಂತ ಲೆಕ್ಕ ಹಿಡಿದರೆ, ಸಾಮಾನ್ಯವಾಗಿ ಅಂಥ 40 ಸಲ ಆಗುವವರೆಗೆ ಆ ಕೋಡ್ ಒಳಗೇ ಇರುತ್ತದೆ.

ಇದರ ಅರ್ಥ ಏನು? ಲೈಟು ಆರಿದೆ ಅಂದರೆ ದಾಖಲೆ ಹೋಗಿದೆ ಅಂತಲ್ಲ. ಗ್ಯಾರೇಜಿನಲ್ಲಿ ಲೈಟು ಇಲ್ಲದಿದ್ದರೂ ಸ್ಕ್ಯಾನ್ ಮಾಡಿಸಬಹುದು, ಮಾಡಿಸಲೇಬೇಕು. "ಲೈಟೇ ಇಲ್ಲಲ್ರೀ, ಏನ್ ಸ್ಕ್ಯಾನ್ ಮಾಡೋದು" ಅಂದರೆ, "ಹಳೇ ಕೋಡ್, ಪೆಂಡಿಂಗ್ ಕೋಡ್ ಎರಡೂ ನೋಡ್ರಿ, ಫ್ರೀಜ್ ಫ್ರೇಮ್ ತೆಗೀರಿ" ಅಂತ ಕೇಳಿ. ಫ್ರೀಜ್ ಫ್ರೇಮ್ ಅಂದರೆ ದೋಷ ಕಂಡ ಕ್ಷಣದಲ್ಲಿ ಗಾಡಿ ಎಷ್ಟು ವೇಗದಲ್ಲಿತ್ತು, ಎಂಜಿನ್ ಎಷ್ಟು ಆರ್‌ಪಿಎಂ, ಎಷ್ಟು ಬಿಸಿ ಇತ್ತು, ಎಷ್ಟು ಲೋಡ್ ಇತ್ತು ಅನ್ನುವುದರ ದಾಖಲೆ. ಬಂದು ಹೋಗುವ ದೋಷಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಈ ಸಾಕ್ಷಿಯನ್ನು ನಾವೇ ಹಾಳು ಮಾಡುತ್ತೇವೆ ಅನ್ನುವುದು ನನ್ನ ದೊಡ್ಡ ತಕರಾರು. ಲೈಟು ಬಂತು ಅಂದರೆ ಮೊದಲ ಕೆಲಸ ಬ್ಯಾಟರಿ ಟರ್ಮಿನಲ್ ಬಿಚ್ಚಿ ಹತ್ತು ನಿಮಿಷ ಬಿಡುವುದು! ಲೈಟು ಹೋಗುತ್ತದೆ, ನಿಜ. ಜೊತೆಗೆ ಬಹಳಷ್ಟು ಗಾಡಿಗಳಲ್ಲಿ ಫ್ರೀಜ್ ಫ್ರೇಮ್ ಹೋಗುತ್ತದೆ, ಎಂಜಿನ್ ಇಷ್ಟು ದಿನ ಓಡಿ ಕಲಿತುಕೊಂಡ ಐಡ್ಲಿಂಗ್, ಇಂಧನದ ಲೆಕ್ಕ ಹೋಗುತ್ತದೆ. ಸ್ಕ್ಯಾನರ್ ಹಾಕಿ "ಕ್ಲಿಯರ್" ಒತ್ತಿ ಇನ್ನೂರು ಮುನ್ನೂರು ತೆಗೆದುಕೊಳ್ಳುವವರ ಕಥೆಯೂ ಅದೇ. ಅಳಿಸುವ ಮೊದಲು ಕೋಡ್ ನಂಬರ್ ಚೀಟಿಯಲ್ಲಿ ಬರೆಸಿಕೊಳ್ಳಿ, ಪರದೆಯ ಫೋಟೋ ಹೊಡೆದುಕೊಳ್ಳಿ. ಅದು ನಿಮ್ಮ ಗಾಡಿಯ ಕಾಗದ. ಕೇಳಿ ತೆಗೆದುಕೊಳ್ಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಇನ್ನು ನೀವು ಬರೆದಿಡಬೇಕಾದದ್ದು. ಒಂದು ಸಣ್ಣ ನೋಟ್‌ಬುಕ್ ಡ್ಯಾಶ್‌ಬೋರ್ಡಿನಲ್ಲಿ ಇಡಿ, ಇಲ್ಲವೇ ಗಾಡಿ ನಿಲ್ಲಿಸಿದ ಮೇಲೆ ಮೊಬೈಲಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಿ. ಯಾವ ಲೈಟು ಬಂತು? ಒಂದೇ ಬಂತಾ, ಒಟ್ಟಿಗೆ ನಾಲ್ಕೈದು ಬಂದವಾ? ಸೆಲ್ಫ್ ಹೊಡೆದಾಗಲಾ, ಓಡುತ್ತಿರುವಾಗಲಾ? ತಿರುವಿನಲ್ಲಾ, ಗುಂಡಿ ಹಾರಿದಾಗಲಾ? ಮಳೆ ಬಂದ ಮರುದಿನವಾ, ಗಾಡಿ ತೊಳೆಸಿದ ಮೇಲಾ? ಎಸಿ ಹಾಕಿತ್ತಾ? ಹಿಂದಿನ ಸೀಟಿನಲ್ಲಿ ಜನ ತುಂಬಿದ್ದರಾ? ಯಾವ ಊರಿನ ಹತ್ತಿರ ಅನ್ನುವುದನ್ನೂ ಬರೆಯಿರಿ, ರಸ್ತೆ ಹೇಗಿತ್ತು ಅಂತ ಅದರಿಂದಲೇ ಗೊತ್ತಾಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಇಂಡಿ ಕಡೆಯ ಕಾಕಾ ಒಬ್ಬರು ಬಾಡಿಗೆ ಗಾಡಿ ಓಡಿಸುತ್ತಾರೆ. ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಅದರ ಲೈಟು ಬಂದು ಹೋಗುತ್ತಿತ್ತು. ಬೇರೊಂದು ಕಡೆ ಹಿಂದಿನ ಚಕ್ರದ ಸೆನ್ಸರ್ ಬದಲಿಸಿದ್ದರು, ಹೋಗಿರಲಿಲ್ಲ. ನಾನು ಬರೆದಿಡಲು ಹೇಳಿದೆ. ಅವರು ಬಂದು ಓದಿದ್ದು ಹೀಗೆ: "ಬಲಕ್ಕ ಹೊರಳಿದಾಗ ಅಷ್ಟ ಬರತೈತಿ ನೋಡಪಾ, ಎಡಕ್ಕ ಹೊರಳಿದ್ರ ಬರಂಗಿಲ್ಲ." ಅಷ್ಟೇ ಸಾಕಾಯಿತು. ಬಲಕ್ಕೆ ತಿರುಗಿದಾಗ ಗಾಡಿಯ ಭಾರ ಎಡಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಗಾಡಿಯನ್ನು ಜಾಕ್ ಮೇಲೆ ಎತ್ತಿ ಎಡ ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಬೇರಿಂಗ್‌ನಲ್ಲಿ ಆಟ ಇತ್ತು. ಭಾರ ಬಿದ್ದಾಗ ಬೇರಿಂಗ್ ವಾಲಿ, ಚಕ್ರದ ವೇಗ ಓದುವ ಸೆನ್ಸರಿಗೂ ಚಕ್ರದ ಜೊತೆ ತಿರುಗುವ ಅದರ ರಿಂಗಿಗೂ ಇರುವ ಕೂದಲೆಳೆಯಷ್ಟು ಅಂತರ ಹೆಚ್ಚು ಕಡಿಮೆ ಆಗುತ್ತಿತ್ತು. ಸೆನ್ಸರ್ ಚೆನ್ನಾಗಿಯೇ ಇತ್ತು. ಹಾಗೇ ಬಿಟ್ಟಿದ್ದರೆ ಬೇರಿಂಗ್ ಪೂರ್ತಿ ಹೋಗುತ್ತಿತ್ತು. ಆ ಲೈಟನ್ನು ಸುಳ್ಳು ಅನ್ನುವುದು ಹೇಗೆ, ಹೇಳಿ?

ಈಗ ಬ್ಯಾಟರಿ ಮತ್ತು ಅರ್ಥಿಂಗ್. ಒಟ್ಟಿಗೆ ಎಬಿಎಸ್, ಸ್ಟೇರಿಂಗ್, ಏರ್‌ಬ್ಯಾಗ್, ಎಂಜಿನ್ ಲೈಟು ಎಲ್ಲಾ ಬಂದವು ಅನ್ನಿ. ನಾಲ್ಕು ಕಡೆ ಒಮ್ಮೆಲೇ ಹಾಳಾಗಿದೆ ಅಂತ ಹೆದರಬೇಡಿ. ನಾಲ್ಕಕ್ಕೂ ಸೇರಿದ್ದು ಯಾವುದು ಅಂತ ಕೇಳಿಕೊಳ್ಳಿ. ಕರೆಂಟು. ಎಬಿಎಸ್, ಏರ್‌ಬ್ಯಾಗ್, ಎಂಜಿನ್, ಒಂದೊಂದಕ್ಕೂ ಬೇರೆ ಕಂಪ್ಯೂಟರ್ ಇದ್ದರೂ ಎಲ್ಲವೂ ಅದೇ ಬ್ಯಾಟರಿಯಿಂದ ಉಣ್ಣುತ್ತವೆ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಬಾನೆಟ್ ಒಳಗೆ ಅದಕ್ಕೂ ಜಾಸ್ತಿ. ಆ ಕಾವಿಗೆ ಬ್ಯಾಟರಿ ಬೇಗ ಸೊರಗುತ್ತದೆ. ಸೆಲ್ಫ್ ಹೊಡೆದು ಗಾಡಿ ಸ್ಟಾರ್ಟ್ ಆಗುತ್ತದೆ, ಅದಕ್ಕೇ ಬ್ಯಾಟರಿ ಸರಿ ಇದೆ ಅಂದುಕೊಳ್ಳುತ್ತೀರಿ. ಆದರೆ ಸೆಲ್ಫ್ ಹೊಡೆಯುವ ಆ ಒಂದೆರಡು ಸೆಕೆಂಡಿನಲ್ಲಿ ವೋಲ್ಟೇಜ್ ಬಿದ್ದು ಒಂದೊಂದು ಕಂಪ್ಯೂಟರೂ ಅರೆಗಳಿಗೆ ಕಣ್ಣು ಮುಚ್ಚುತ್ತದೆ. ಕಣ್ಣು ತೆರೆದಾಗ ಪಕ್ಕದ ಕಂಪ್ಯೂಟರ್ ಮಾತಾಡುತ್ತಿಲ್ಲ ಅಂತ ಕೋಡ್ ಬರೆಯುತ್ತದೆ.

ನೂರಿನ್ನೂರು ರೂಪಾಯಿಗೆ ಸಿಗುವ ಸಾದಾ ಮಲ್ಟಿಮೀಟರ್ ತೆಗೆದುಕೊಳ್ಳಿ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ. ಹೊಸ ಕೆಲವು ಗಾಡಿಗಳಲ್ಲಿ ಕಂಪ್ಯೂಟರೇ ಚಾರ್ಜಿಂಗ್ ಏರಿಸಿ ಇಳಿಸಿ ಮಾಡುತ್ತದೆ, ಅಂಥವುಗಳಲ್ಲಿ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ. ಬ್ಯಾಟರಿ ಚಿತ್ರದ ಲೈಟು ಮಳೆಯಲ್ಲಿ ಮಾತ್ರ ಬಂದು ಹೋದರೆ ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ಜಾರುತ್ತಿದೆಯಾ ನೋಡಿ.

ಬ್ಯಾಟರಿ ಚೆನ್ನಾಗಿದ್ದೂ ಲೈಟುಗಳು ಬಂದರೆ ಅರ್ಥಿಂಗ್ ನೋಡಬೇಕು. ಬ್ಯಾಟರಿಯ ನೆಗೆಟಿವ್‌ನಿಂದ ಒಂದು ದಪ್ಪ ಅರ್ಥಿಂಗ್ ವೈರು ಗಾಡಿಯ ಕಬ್ಬಿಣದ ಬಾಡಿಯ ಕಡೆ ಹೋಗುತ್ತದೆ, ಇನ್ನೊಂದು ಎಂಜಿನ್ ಅಥವಾ ಗೇರ್‌ಬಾಕ್ಸಿಗೆ. ಅದರ ತುದಿಯ ಬೋಲ್ಟ್ ಮೇಲಿನಿಂದ ನೋಡಿದರೆ ಬಿಗಿಯಾಗಿಯೇ ಕಾಣುತ್ತದೆ. ಬಿಚ್ಚಿ ಕೈಯಲ್ಲಿ ಹಿಡಿದು ನೋಡಿ. ವೈರಿನ ತುದಿಯ ಲೋಹದ ಬಳೆ, ಅಂದರೆ ಲಗ್ಗಿನ ಕೆಳಗೆ ಬಾಡಿ ಕೂಡುವ ಜಾಗದಲ್ಲಿ ಪೇಂಟ್ ಪದರು, ಅದರ ಸುತ್ತ ಕಂದು ತುಕ್ಕಿನ ಉಂಗುರ. ತಾಮ್ರದ ಎಳೆಗಳು ಲಗ್ಗಿಗೆ ಸೇರುವ ಕಡೆ ಹಸಿರು ಪುಡಿ. ಬೆರಳಿನಿಂದ ತಿಕ್ಕಿದರೆ ಪುಡಿ ಉದುರಿ ಒಳಗಿನ ಎಳೆಗಳು ಕಪ್ಪಗೆ, ಪೆಡಸಾಗಿ ಕಾಣುತ್ತವೆ. ಎಂಜಿನ್ ನಡುಗಿದಾಗ ಆ ಸಂಪರ್ಕ ಕೂಡುತ್ತದೆ, ಬಿಡುತ್ತದೆ. ಮೀಟರಿನ ಕೆಂಪು ಮೊನೆ ಎಂಜಿನ್ ಕಬ್ಬಿಣಕ್ಕೆ, ಕಪ್ಪು ಮೊನೆ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಹಿಡಿದು ಒಬ್ಬರಿಂದ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಆ ದಾರಿಯಲ್ಲಿ ತಡೆ ಇದೆ. ಸ್ಯಾಂಡ್‌ಪೇಪರಿನಿಂದ ಬಾಡಿಯ ಜಾಗ ಉಜ್ಜಿ ಹೊಳೆಯುವ ಕಬ್ಬಿಣ ಕಾಣುವ ಹಾಗೆ ಮಾಡಿ, ಲಗ್ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಹಚ್ಚಿ. ಎಳೆ ಕಪ್ಪಾಗಿದ್ದರೆ ವೈರೇ ಬದಲಿಸಿ. ಅರ್ಧ ಗಂಟೆ ಕೆಲಸ. ಸಾವಿರಾರು ರೂಪಾಯಿಯ ಎಬಿಎಸ್ ಯೂನಿಟ್ "ಹೋಗಿದೆ" ಅಂತ ಬಂದ ಗಾಡಿಗಳು ಇಷ್ಟರಲ್ಲೇ ಸರಿಯಾಗಿ ಹೋಗಿವೆ.

ಮುಂದೆ ಎಬಿಎಸ್ ಲೈಟು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ, ಹಾಗಾಗಿ ಈಗ ಸಣ್ಣ ಗಾಡಿಗಳಲ್ಲೂ ಪ್ರತಿ ಚಕ್ರಕ್ಕೂ ಒಂದು ಸೆನ್ಸರ್ ಇದೆ. ಅದು ಇರುವ ಜಾಗ ನೋಡಿ: ಚಕ್ರದ ಹಿಂದೆ, ಕೆಸರು ಬಡಿಯುವ ಕಡೆ. ನಮ್ಮ ಎರೆ ಮಣ್ಣಿನ ಗುಣ ನಿಮಗೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಒಮ್ಮೆ ಹೋಗಿ ಬಂದರೆ ಚಕ್ರದ ಗೂಡಿನಲ್ಲೆಲ್ಲ ಮೆತ್ತಿಕೊಳ್ಳುತ್ತದೆ, ಒಣಗಿದರೆ ಕಲ್ಲು. ಆ ಗಟ್ಟಿ ಹೆಂಟೆ ಸೆನ್ಸರಿನ ವೈರನ್ನು ಹಿಡಿದುಕೊಂಡು, ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಎಳೆಯುತ್ತದೆ. ಕಬ್ಬಿನ ಸೀಸನ್ನಿನಲ್ಲಿ ಮುಧೋಳ, ಜಮಖಂಡಿ ಕಡೆ ಓಡಿಸುವವರಿಗೆ ಇನ್ನೊಂದು ಕಾಟ. ರಸ್ತೆ ತುಂಬ ಟ್ರೇಲರಿನಿಂದ ಬಿದ್ದ ಕಬ್ಬು. ಒಂದು ಜಲ್ಲೆ ಚಕ್ರದೊಳಗೆ ಸಿಕ್ಕರೆ ವೈರಿನ ಕ್ಲಿಪ್ ಕಿತ್ತು ಬರುತ್ತದೆ.

ಇಲ್ಲಿ ಮೋಸ ಮಾಡುವುದು ಮೇಲಿನ ಪ್ಲಾಸ್ಟಿಕ್ ಹೊದಿಕೆ. ವೈರು ಹೊರಗಿನಿಂದ ಸರಿಯಾಗಿರುತ್ತದೆ. ಒಳಗಿನ ತಾಮ್ರದ ಎಳೆಗಳು ಮಡಚಿ ಮಡಚಿ ಒಂದೊಂದೇ ಮುರಿದಿರುತ್ತವೆ. ನೇರ ಇದ್ದಾಗ ತುದಿಗೆ ತುದಿ ತಾಗಿ ಕೆಲಸ ನಡೆಯುತ್ತದೆ, ಗುಂಡಿ ಹಾರಿದಾಗ ಬಿಡುತ್ತದೆ. ಕೈಯಿಂದ ಹುಡುಕುವುದು ಹೀಗೆ: ವೈರನ್ನು ಎರಡು ಬೆರಳಲ್ಲಿ ಹಿಡಿದು ನಾಲ್ಕೈದು ಸೆಂಟಿಮೀಟರಿನಷ್ಟು ಜಾಗವನ್ನು ಮೆಲ್ಲಗೆ ಎಳೆಯುತ್ತ ಹೋಗಿ. ತಾಮ್ರ ಇರುವ ಕಡೆ ಬಿಗಿ ಇರುತ್ತದೆ. ತಾಮ್ರ ಮುರಿದ ಕಡೆ ಹೊದಿಕೆ ಮಾತ್ರ ರಬ್ಬರಿನಂತೆ ಹಿಗ್ಗುತ್ತದೆ, ಮಡಚಿದರೆ ಮೆತ್ತಗೆ ಬಾಗುತ್ತದೆ. ಸಿಕ್ಕಿತು ಅಂತ ಅರ್ಥ. ಜೋರಾಗಿ ಜಗ್ಗಬೇಡಿ, ಚೆನ್ನಾಗಿರುವುದೂ ಹರಿಯುತ್ತದೆ. ಇಂಥ ಕಡೆ ಎಳೆ ತಿರುವಿ ಟೇಪ್ ಸುತ್ತಿದ ಜೋಡಣೆ ನಿಲ್ಲುವುದಿಲ್ಲ. ಅದು ದಿನಾ ಮಡಚುವ ಜಾಗ. ಸೆನ್ಸರು ವೈರಿನ ಸಮೇತ ಬರುತ್ತದೆ, ವೈರು ಮುರಿದಿದೆ ಅಂತ ಖಾತ್ರಿಯಾದ ಮೇಲೆ ಬದಲಿಸಿ. ಆ ಖರ್ಚು ದಂಡವಲ್ಲ.

ಯಾವ ಚಕ್ರ ಅಂತ ಗೊತ್ತಾಗದಿದ್ದರೆ, ಎಬಿಎಸ್ ಓದುವ ಸ್ಕ್ಯಾನರ್ ಹಾಕಿ ಲೈವ್ ಡೇಟಾದಲ್ಲಿ ನಾಲ್ಕೂ ಚಕ್ರದ ವೇಗ ನೋಡಬೇಕು. ಒಬ್ಬರು ಓಡಿಸಬೇಕು, ಪಕ್ಕದಲ್ಲಿ ಕುಳಿತವರು ನೋಡಬೇಕು. ಗಾಡಿ 30ರಲ್ಲಿ ಹೋಗುತ್ತಿದ್ದರೆ ನಾಲ್ಕೂ 30ರ ಆಸುಪಾಸು ಇರಬೇಕು. ಒಂದು ಮಾತ್ರ ದಿಢೀರನೆ ಸೊನ್ನೆಗೆ ಬಿದ್ದು ಮತ್ತೆ ಏರಿತಾ? ಅದೇ ಚಕ್ರ. ಸೆನ್ಸರ್ ಬಿಚ್ಚಿ ಮೂತಿ ನೋಡಿ. ಅಯಸ್ಕಾಂತ ಇರುವ ಸೆನ್ಸರಿಗೆ ಬ್ರೇಕಿನ ಕಬ್ಬಿಣದ ಪುಡಿ ಗಡ್ಡದ ಹಾಗೆ ಅಂಟಿರುತ್ತದೆ. ಬಟ್ಟೆಯಿಂದ ಒರೆಸಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯಿತು.

ಏರ್‌ಬ್ಯಾಗ್ ಲೈಟಿನ ಮಾತು ಬಂದಾಗ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸೀಟಿನ ಕೆಳಗೆ ಹಳದಿ ಬಣ್ಣದ ಕಪ್ಲರ್ ಇರುವ ಗಾಡಿಗಳು ಬಹಳ. ಸೀಟು ಮುಂದೆ ಹಿಂದೆ ಸರಿಸಿದಾಗ, ಸೀಟಿನ ಕೆಳಗೆ ನೀರಿನ ಬಾಟ್ಲಿ ಹೊರಳಿದಾಗ, ಮ್ಯಾಟ್ ತೆಗೆದು ತೊಳೆಯುವಾಗ ಆ ಕಪ್ಲರ್ ಸ್ವಲ್ಪ ಸಡಿಲ ಆಗುತ್ತದೆ. ಏರ್‌ಬ್ಯಾಗಿನ ಸರ್ಕ್ಯೂಟಿನಲ್ಲಿ ಇರುವ ತಡೆಯೇ ಎರಡು ಓಮ್ ಆಸುಪಾಸು. ಅದರಲ್ಲಿ ಒಂದೆರಡು ಓಮ್ ಏರುಪೇರಾದರೂ ಕಂಪ್ಯೂಟರಿಗೆ ಅನುಮಾನ ಬರುತ್ತದೆ. ಕಾರಣ ಸಣ್ಣದು. ಆದರೆ ಅದನ್ನು ನೀವು ಕೈಯಿಂದ ಅಲ್ಲಾಡಿಸಿ ನೋಡಬೇಡಿ, ಮಲ್ಟಿಮೀಟರ್ ಹಚ್ಚಿ ಅಳೆಯಲೇಬೇಡಿ. ಅದರ ತುದಿಯಲ್ಲಿ ಇರುವುದು ಸಿಡಿಯುವ ಮದ್ದು. ಗೊತ್ತಿದ್ದವರು ಬ್ಯಾಟರಿ ಬಿಚ್ಚಿ, ಯೂನಿಟ್ಟಿನೊಳಗೆ ಉಳಿದ ಚಾರ್ಜ್ ಇಳಿಯಲು ಕಂಪನಿ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಮುಟ್ಟುತ್ತಾರೆ. ನಿಮ್ಮ ಕೆಲಸ ಸೀಟಿನ ಕೆಳಗೆ ಸಾಮಾನು ತುರುಕದೆ ಇರುವುದು, ಮತ್ತು ಲೈಟು ಬಂದಾಗ ಸೀಟು ಸರಿಸಿದ್ದೆನಾ ಅಂತ ನೆನಪಿಟ್ಟು ಹೇಳುವುದು. ಸ್ಟೇರಿಂಗ್ ತಿರುಗಿಸಿದಾಗ ಏರ್‌ಬ್ಯಾಗ್ ಲೈಟು ಬಂದು, ಹಾರ್ನೂ ಒಮ್ಮೊಮ್ಮೆ ಹೊಡೆಯದಿದ್ದರೆ ಸ್ಟೇರಿಂಗ್ ಕೆಳಗಿನ ಕ್ಲಾಕ್ ಸ್ಪ್ರಿಂಗ್, ಅಂದರೆ ಸ್ಟೇರಿಂಗ್ ಜೊತೆ ಸುತ್ತುವ ಪಟ್ಟಿ ವೈರು, ಹರಿದಿರಬಹುದು. ಅದನ್ನು ಹೇಳಿದರೆ ಮೆಕ್ಯಾನಿಕ್‌ಗೆ ಅರ್ಧ ದಿನ ಉಳಿಯುತ್ತದೆ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಏರ್‌ಬ್ಯಾಗ್, ಎಬಿಎಸ್, ಎಂಜಿನ್, ಆಯಿಲ್, ಬ್ಯಾಟರಿ, ಎಲ್ಲಾ ಲೈಟು ಒಮ್ಮೆ ಬರಲೇಬೇಕು. ಏರ್‌ಬ್ಯಾಗ್, ಎಬಿಎಸ್ ಕೆಲವು ಸೆಕೆಂಡಿನಲ್ಲಿ ಹೋಗುತ್ತವೆ, ಉಳಿದವು ಸ್ಟಾರ್ಟ್ ಆದ ಮೇಲೆ. ಯಾವುದಾದರೂ ಒಂದು ಬರಲೇ ಇಲ್ಲ ಅಂದರೆ ಖುಷಿ ಪಡಬೇಡಿ. ಲೈಟನ್ನೇ ಕಿತ್ತು, ಇಲ್ಲವೇ ಮೇಲೆ ಕಪ್ಪು ಟೇಪ್ ಅಂಟಿಸಿ ಮಾರುವವರು ಇದ್ದಾರೆ. ಏರ್‌ಬ್ಯಾಗ್ ಇದೆ ಅಂತ ನಂಬಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಮನೆಯವರಿಗೆ ಮಾಡುವ ಈ ಕೆಲಸಕ್ಕೆ ನನಗೆ ಬಹಳ ಸಿಟ್ಟು ಬರುತ್ತದೆ.

ವಿಷಯ ಸ್ವಲ್ಪ ಬಿಟ್ಟು ಇಲಿಗಳ ಬಗ್ಗೆ ಹೇಳಬೇಕು. ನಮ್ಮ ಡೋಣಿ ನದಿಯ ಬಯಲಿಗೆ "ಡೋಣಿ ಬೆಳೆದರೆ ಓಣೆಲ್ಲ ಜೋಳ" ಅಂತಾರಲ್ಲ, ಜೋಳ ಇರುವ ಕಡೆ ಇಲಿ ಇದ್ದದ್ದೇ. ಚೀಲ ಇಟ್ಟ ಪಡಸಾಲೆಯ ಪಕ್ಕದಲ್ಲೇ ಗಾಡಿ ನಿಲ್ಲಿಸುತ್ತೇವೆ. ಒಣದ್ರಾಕ್ಷಿ ಶೆಡ್ಡಿನ ಹತ್ತಿರವೂ ಅಷ್ಟೇ. ಚಳಿಗಾಲದ ರಾತ್ರಿ ಇಲಿಗೆ ಬಿಸಿ ಎಂಜಿನ್ನಿಗಿಂತ ಬೆಚ್ಚಗಿನ ಜಾಗ ಯಾವುದಿದೆ? ಇಲಿ ವೈರನ್ನು ಪೂರ್ತಿ ಕತ್ತರಿಸಿದರೆ ಒಳ್ಳೆಯದೇ, ದೋಷ ಕೂಡಲೇ ಸಿಗುತ್ತದೆ. ಆದರೆ ಅದು ಹೊದಿಕೆ ಮಾತ್ರ ಕೆರೆದು ಬಿಡುತ್ತದೆ. ಒಣಗಿದ್ದಾಗ ಏನೂ ಇಲ್ಲ, ಇಬ್ಬನಿ ಬಿದ್ದ ಬೆಳಗ್ಗೆ ಅಥವಾ ಮಳೆಯಲ್ಲಿ ಲೈಟು. ಬಾನೆಟ್ ತೆಗೆದು ಬ್ಯಾಟರಿ ಟ್ರೇ, ಎಂಜಿನ್ ಕವರ್ ಕೆಳಗೆ ಹಿಕ್ಕೆ, ಜೋಳದ ಸಿಪ್ಪೆ, ಬಟ್ಟೆ ಚೂರು ಇದೆಯಾ ನೋಡಿ. ತಂಬಾಕಿನ ಎಲೆ ಕಟ್ಟುವವರಿದ್ದಾರೆ. ವಾಸನೆ ಇರುವವರೆಗೆ ಸರಿ, ಅದನ್ನೇ ನಂಬಿ ಕೂರಬೇಡಿ. ಕೆಳಗಿನ ಕಿಂಡಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಹಾಕಿಸಿ, ನಿಲ್ಲಿಸುವ ಜಾಗ ಆಗಾಗ ಬದಲಿಸಿ. ವಿಷ ಇಡಬೇಡಿ, ಸತ್ತು ಎಸಿ ದಾರಿಯಲ್ಲಿ ಸಿಕ್ಕಿಕೊಂಡರೆ ಗಾಡಿಯಲ್ಲಿ ಕೂರಲಾಗದು.

ಗಾಡಿ ತೊಳೆಯುವಾಗ ಎಂಜಿನ್ನಿಗೆ ಪ್ರೆಶರ್ ನೀರು ಹೊಡೆಸಬೇಡಿ. ಕಪ್ಲರಿನ ರಬ್ಬರ್ ಸೀಲು ಮಳೆ ನೀರು ತಡೆಯುತ್ತದೆ, ಪ್ರೆಶರ್ ಗನ್ನನ್ನಲ್ಲ. ಒಳಗೆ ಹೋದ ನೀರು ಸಾವಕಾಶವಾಗಿ ಪಿನ್ನುಗಳನ್ನು ಹಸಿರಾಗಿಸುತ್ತದೆ, ಲೈಟು ತಿಂಗಳ ಮೇಲೆ ಬರುತ್ತದೆ, ಆಗ ತೊಳೆಸಿದ್ದು ನಿಮಗೆ ನೆನಪೇ ಇರಲ್ಲ. ನೀರು ಹೋಗಿದೆ ಅನ್ನಿಸಿದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ.

ಹೊರಗಿನಿಂದ ಹಾಕಿಸಿದ ಸಾಮಾನುಗಳದೂ ಇದೇ ಗೋಳು. ದೊಡ್ಡ ಹಾರ್ನು, ಎಲ್‌ಇಡಿ ಬಲ್ಬು, ಮ್ಯೂಸಿಕ್ ಸಿಸ್ಟಮ್, ಜಿಪಿಎಸ್. ಹಾಕಿಸುವುದು ತಪ್ಪಲ್ಲ, ಸಿಕ್ಕ ಸಿಕ್ಕ ವೈರಿನ ಹೊದಿಕೆ ಸುಲಿದು ಎಳೆ ಸುತ್ತಿ ಕರೆಂಟು ತೆಗೆಯುವುದು ತಪ್ಪು. ಲೈಟು ಶುರುವಾದದ್ದು ಏನನ್ನು ಹಾಕಿಸಿದ ಮೇಲೆ ಅಂತ ಯೋಚಿಸಿ ನೋಡಿ. ಬ್ರೇಕ್ ಪೆಡಲ್ ಹತ್ತಿರದ ಸಣ್ಣ ಸ್ವಿಚ್ಚನ್ನೂ ಮರೆಯಬೇಡಿ. ಅದು ಒಮ್ಮೆ ಕೂಡಿ ಒಮ್ಮೆ ಬಿಟ್ಟರೆ ಕೆಲವು ಗಾಡಿಗಳಲ್ಲಿ ಇಎಸ್‌ಪಿ (ಗಾಡಿ ಅಡ್ಡ ಜಾರದಂತೆ ಹಿಡಿಯುವ ವ್ಯವಸ್ಥೆ) ಲೈಟು, ಎಂಜಿನ್ ಲೈಟು ಬರುತ್ತವೆ. ರಾತ್ರಿ ಗೋಡೆಗೆ ಹಿಂದೆ ಮಾಡಿ ನಿಲ್ಲಿಸಿ ಪೆಡಲ್ ಒತ್ತಿ ಬಿಟ್ಟು ನೋಡಿದರೆ ಬ್ರೇಕ್ ಲೈಟಿನ ಬೆಳಕು ಗೋಡೆಯ ಮೇಲೆ ಕಾಣುತ್ತದೆ.

ಟೈರ್ ಪ್ರೆಶರ್ ಲೈಟು ಚಳಿಗಾಲದ ಬೆಳಗ್ಗೆ ಬಂದು ಮಧ್ಯಾಹ್ನ ಹೋದರೆ ಪಂಕ್ಚರ್ ಇರಲಿಕ್ಕಿಲ್ಲ. ಐದೂವರೆ ಡಿಗ್ರಿ ತಂಪಾದರೆ ಗಾಳಿ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಮಧ್ಯಾಹ್ನ ಬಿಸಿ ಟೈರಿಗೆ ಲೆಕ್ಕ ಹಿಡಿದು ಗಾಳಿ ಹಾಕಿಸಿದವರಿಗೆ ಬೆಳಗಿನ ಚಳಿಗೆ ಕಡಿಮೆ ಬೀಳುತ್ತದೆ. ಬೆಳಗ್ಗೆ, ಗಾಡಿ ಓಡುವ ಮೊದಲೇ ಹಾಕಿಸಿ. ಕೆಲವು ಗಾಡಿಗಳಲ್ಲಿ ಗಾಳಿ ಹಾಕಿಸಿದ ಮೇಲೆ ರೀಸೆಟ್ ಬಟನ್ ಒತ್ತಬೇಕು.

ಬ್ಲೂಟೂತ್ ಸ್ಕ್ಯಾನರ್ ಕೊಳ್ಳಬಹುದಾ ಅಂತ ಹಲವರು ಕೇಳುತ್ತೀರಿ. ಕೊಳ್ಳಿ. ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಹಾಕಿದರೆ ಮೊಬೈಲಿನಲ್ಲೇ ಕೋಡ್ ಕಾಣುತ್ತದೆ. ಆದರೆ ಅಗ್ಗದವು ಸಾಮಾನ್ಯವಾಗಿ ಎಂಜಿನ್ ಕೋಡ್ ಮಾತ್ರ ಓದುತ್ತವೆ, ಎಬಿಎಸ್, ಏರ್‌ಬ್ಯಾಗ್ ಓದುವುದಿಲ್ಲ. ರಾತ್ರಿ ಅಲ್ಲೇ ಬಿಟ್ಟರೆ ಬ್ಯಾಟರಿಯ ಚಾರ್ಜ್ ಇಳಿಯುತ್ತದೆ. ಕೋಡಿನ ಮೊದಲ ಅಕ್ಷರ ನೋಡಿ: ಪಿ ಅಂದರೆ ಎಂಜಿನ್ ಗೇರ್ ಕಡೆ, ಸಿ ಅಂದರೆ ಬ್ರೇಕ್ ಸ್ಟೇರಿಂಗ್ ಕಡೆ, ಬಿ ಅಂದರೆ ಏರ್‌ಬ್ಯಾಗ್ ಮುಂತಾದ ಬಾಡಿ ಕಡೆ, ಯು ಅಂದರೆ ಕಂಪ್ಯೂಟರುಗಳ ನಡುವಿನ ಮಾತು ತಪ್ಪಿದ್ದು. ಪಿ0562 ಅಂದರೆ ವೋಲ್ಟೇಜ್ ಕಡಿಮೆ. ಯು0121 ಅಂದರೆ ಎಬಿಎಸ್ ಯೂನಿಟ್ ಜೊತೆ ಮಾತು ಕಡಿದಿದೆ. ಈ ಎರಡೂ ಒಟ್ಟಿಗೆ ಇದ್ದರೆ ಮೊದಲು ನೋಡಬೇಕಾದದ್ದು ಬ್ಯಾಟರಿ, ಎಬಿಎಸ್ ಅಲ್ಲ. ಕೋಡ್ ಹೇಳುವುದು ಯಾವ ಸರ್ಕ್ಯೂಟಿನಲ್ಲಿ ತೊಂದರೆ ಕಂಡಿತು ಅಂತ. ಯಾವ ಸಾಮಾನು ಬದಲಿಸಬೇಕು ಅಂತ ಅದು ಎಂದೂ ಹೇಳುವುದಿಲ್ಲ. "ಕೋಡ್ ಬಂದೈತಿ, ಸೆನ್ಸರ್ ಹಾಕ್ರಿ" ಅಂದವರನ್ನು "ವೈರು, ಕಪ್ಲರು ನೋಡಿದ್ರೇನ್ರೀ?" ಅಂತ ಕೇಳಿ.

ಕೊನೆಗೆ ಇಲ್ಲಿ ಒಬ್ಬ ತಮ್ಮ ಕೇಳಿದ ಪ್ರಶ್ನೆ. "ಅಣ್ಣಾರ, ಎಬಿಎಸ್ ಲೈಟ್ ಬಂದೈತಿ, ನಾಳೆ ಕೂಡಲಸಂಗಮಕ್ಕ ಬಾಡಿಗೆ ಐತಿ. ಹೋಗ್ಬೇಕೋ ಬ್ಯಾಡೋ?" ಹಳದಿ ಎಬಿಎಸ್ ಲೈಟು ಒಂದೇ ಇದ್ದರೆ ಮಾಮೂಲಿ ಬ್ರೇಕ್ ಹಿಡಿಯುತ್ತದೆ, ಆದರೆ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಿ ಜಾರಬಹುದು, ಮಳೆಯಲ್ಲಿ ಇನ್ನೂ ಬೇಗ. ಇವತ್ತು ಸಂಜೆ ಖಾಲಿ ಜಾಗದಲ್ಲಿ ಬ್ರೇಕ್ ಒತ್ತಿ ನೋಡು, ಬ್ರೇಕ್ ಆಯಿಲ್ ಮಟ್ಟ ನೋಡು, ಎರಡೂ ಸರಿ ಇದ್ದರೆ ಮುಂದಿನ ಗಾಡಿಗೆ ಜಾಸ್ತಿ ಅಂತರ ಬಿಟ್ಟು, ವೇಗ ಇಳಿಸಿ ಹೋಗಿ ಬಾ, ಬಂದ ಕೂಡಲೇ ತೋರಿಸು. ಆದರೆ ಹಳದಿ ಎಬಿಎಸ್ ಜೊತೆ ಕೆಂಪು ಬ್ರೇಕ್ ಲೈಟೂ ಬಂದಿದ್ದರೆ ಮುಂದಿನ ಹಿಂದಿನ ಚಕ್ರಗಳಿಗೆ ಬ್ರೇಕ್ ಹಂಚುವ ವ್ಯವಸ್ಥೆಯೂ ನಿಂತಿರಬಹುದು, ಆಗ ಹಿಂಬದಿ ಜಾರಿ ಗಾಡಿ ಅಡ್ಡ ತಿರುಗುತ್ತದೆ. ಆ ಬಾಡಿಗೆಯನ್ನು ಬೇರೆಯವರಿಗೆ ಕೊಡು, ತಮ್ಮಾ.